ತಪ್ಪು ಸೊಸೆಯದಲ್ಲ

ಹಾಲು ಉತ್ಪಾದಕ ಸಹೋದರಿಯರೇ,

ಹೋರಿಗೆ ಅದರ ಮಗಳನ್ನೇ ಕೂಡಿಸಬಾರದೆಂದು ನಮಗೆಲ್ಲ ಗೊತ್ತು. ಅದಕ್ಕೇ ಕೃತಕ ಗರ್ಭಧಾರಣೆಗೆ ಬಂದವರನ್ನು ‘ಯಾವ ಹೋರಿಯದು?’ ಎಂದು ಕೇಳುತ್ತೇವೆ. ಮನೆಯ ಮದುವೆಯಲ್ಲಿ ಮಾತ್ರ ಸೋದರಮಾವನಿಗೇ ಹೆಣ್ಣು ಕೊಡುತ್ತೇವೆ. ಇಂಥ ಸಂಬಂಧದಲ್ಲಿ ಹುಟ್ಟುವ ಮಕ್ಕಳಿಗೆ ಕೆಲವು ವಂಶಪಾರಂಪರ್ಯ ಕಾಯಿಲೆಗಳ ಅಪಾಯ ಹೆಚ್ಚು. ಅಪರೂಪದ ಪಾಂಪೆ ಕಾಯಿಲೆ ಅವುಗಳಲ್ಲೊಂದು.

ದೇಹವು ಸಕ್ಕರೆಯನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ಅದನ್ನು ಕರಗಿಸುವ ಒಂದು ಕಿಣ್ವ ಈ ಕಾಯಿಲೆಯಲ್ಲಿ ಸಾಲದು. ಗ್ಲೈಕೋಜನ್ ತುಂಬಿಕೊಂಡು ಸ್ನಾಯು, ಹೃದಯ ಸೋಲುತ್ತವೆ. ಆಸ್ಟ್ರೇಲಿಯಾದ ಬ್ರಾಹ್ಮನ್ ದನಗಳಲ್ಲೂ ಇದೇ ರೋಗ ಕಂಡಿದೆ. ಅಲ್ಲಿ ರೋಗ ಹೊತ್ತ ಹೋರಿಗಳನ್ನು ಪರೀಕ್ಷೆ ಮಾಡಿ ಗುರುತಿಸುತ್ತಾರೆ.

ಕೂಸಿನ ಕೈಕಾಲು ಜೋತುಬಿದ್ದರೆ, ಕತ್ತು ನಿಲ್ಲದಿದ್ದರೆ, ಹಾಲು ಕುಡಿಯುವಾಗ ಏದುಸಿರು ಬಂದರೆ ‘ದೃಷ್ಟಿಯಾಗಿದೆ’ ಎಂದು ಕಾಯಬೇಡಿ. ಹಸುಗೂಸಿನ ಪಾಂಪೆಗೆ ಚಿಕಿತ್ಸೆ ಸಿಗದಿದ್ದರೆ ಸಾಮಾನ್ಯವಾಗಿ ವರ್ಷದೊಳಗೇ ಜೀವ ಹೋಗುತ್ತದೆ. ದೇವದುರ್ಗ, ಮಾನ್ವಿಯ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ರಾಯಚೂರಿನ ರಿಮ್ಸ್‌ಗೆ ಚೀಟಿ ಬರೆಸಿಕೊಳ್ಳಿ. ‘ಪಾಂಪೆ ಇರಬಹುದೇ?’ ಎಂದು ನೀವೇ ಕೇಳಿ. ಕಾಗದದ ಮೇಲೆ ಒಣಗಿಸಿದ ಕೆಲವೇ ಹನಿ ರಕ್ತದಿಂದ ಮೊದಲ ಪರೀಕ್ಷೆ ಆಗುತ್ತದೆ. ಕೊರತೆಯಾದ ಕಿಣ್ವವನ್ನು ನರದ ಮೂಲಕ ಕೊಡುವ ಚಿಕಿತ್ಸೆಯೂ ಇದೆ. ಬೇಗ ಶುರುವಾದಷ್ಟೂ ಒಳ್ಳೆಯದು. ಅದು ತುಂಬಾ ದುಬಾರಿ. ಆದರೆ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ, ಬೆಂಗಳೂರಿನಲ್ಲಿ ಗುರುತಿಸಿರುವ ಕೇಂದ್ರದ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವು ಪಡೆಯಲು ಅವಕಾಶವಿದೆ.

ಕೊನೆಯದಾಗಿ ಅತ್ತೆಯಂದಿರಿಗೆ ಒಂದು ಮಾತು. ದೋಷವಿರುವ ವಂಶವಾಹಿ ತಂದೆ, ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಈ ಕಾಯಿಲೆ. ಅಂಥ ದಂಪತಿಗೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿದೆ. ಆದ್ದರಿಂದ ಸೊಸೆಯನ್ನು ದೂರಬೇಡಿ. ಮಗನನ್ನೂ ಜೊತೆಗೆ ಪರೀಕ್ಷೆಗೆ ಕಳಿಸಿ.