ಬ್ಯಾಂಬಿಯ ಕಾಡಿನಲ್ಲಿ ಕಾಣದ ತೋಳ

ಹಿಮ ಕರಗುವ ಕಾಲ. ಎಳೆಹುಲ್ಲು ಮೇಯಲು ಬಯಲಿಗೆ ಬಂದ ತಾಯಿ ಜಿಂಕೆ ಅಪಾಯವನ್ನರಿತು ಮರಿಯನ್ನು ಮುಂದಕ್ಕೆ ಓಡಿಸುತ್ತದೆ. ಗುಂಡಿನ ಸದ್ದು ಕೇಳಿಸುತ್ತದೆ. ಪೊದೆಯನ್ನು ತಲುಪಿದ ಮರಿ ತಿರುಗಿ ನೋಡಿದರೆ ತಾಯಿ ಇಲ್ಲ. 1942ರಲ್ಲಿ ತೆರೆಕಂಡ ವಾಲ್ಟ್ ಡಿಸ್ನಿಯವರ 'ಬ್ಯಾಂಬಿ' ಚಿತ್ರದ ಈ ದೃಶ್ಯವನ್ನು ಕಂಡು ಅತ್ತ ಮಕ್ಕಳಿಗೆ ಲೆಕ್ಕವಿಲ್ಲ. ಎಪ್ಪತ್ತು ನಿಮಿಷಗಳ ಈ ಚಿತ್ರದಲ್ಲಿ ಮನುಷ್ಯನ ಮುಖ ಒಮ್ಮೆಯೂ ಕಾಣುವುದಿಲ್ಲ. ಆದರೂ ಅವನ ಭಯ ಚಿತ್ರದುದ್ದಕ್ಕೂ ಹರಡಿಕೊಂಡಿದೆ. ಬೇಟೆಯೆಂಬುದು ಮನರಂಜನೆಯಾಗಿದ್ದ ದೇಶದಲ್ಲಿ, ಕೋವಿಯ ಎದುರು ನಿಂತ ಪ್ರಾಣಿಯ ಕಣ್ಣಿನಿಂದ ಕಾಡನ್ನು ತೋರಿಸಿದ್ದು ಸಣ್ಣ ಸಾಧನೆಯೇನಲ್ಲ. ಬೇಟೆಗಾರರ ಪತ್ರಿಕೆಯೊಂದು ಆಗಲೇ ಇದನ್ನು ತಮ್ಮ ಸಮುದಾಯಕ್ಕೆ ಆದ ಅವಮಾನವೆಂದು ಪ್ರತಿಭಟಿಸಿತ್ತು.

ಎಂಟು ದಶಕಗಳ ನಂತರ ಈ ಚಿತ್ರವನ್ನು ಮತ್ತೊಮ್ಮೆ ನೋಡುವಾಗ ಬೇರೊಂದು ಪ್ರಶ್ನೆ ಏಳುತ್ತದೆ: ಬ್ಯಾಂಬಿಯ ಕಾಡಿನಲ್ಲಿ ತೋಳವೇಕೆ ಇಲ್ಲ? ಅಲ್ಲಿ ಗೂಬೆಯು ಮೊಲದ ಗೆಳೆಯ. ಯಾವ ಪ್ರಾಣಿಯೂ ಇನ್ನೊಂದನ್ನು ಕೊಂದು ತಿನ್ನುವುದಿಲ್ಲ. ಸಾವು ಬರುವುದು ಮನುಷ್ಯನಿಂದ, ಅವನ ನಾಯಿಗಳಿಂದ, ಅವನು ಬಿಟ್ಟುಹೋದ ಬೆಂಕಿಯಿಂದ ಮಾತ್ರ. ಚಿತ್ರಕ್ಕೆ ಆಧಾರವಾದ ಕೃತಿ ಹೀಗಿರಲಿಲ್ಲ. ವಿಯೆನ್ನಾದ ಲೇಖಕ ಫೆಲಿಕ್ಸ್ ಸಾಲ್ಟನ್ 1923ರಲ್ಲಿ ಪ್ರಕಟಿಸಿದ ಆ ಕಾದಂಬರಿಯಲ್ಲಿ ಕಾಗೆಗಳು ಮೊಲದ ಮರಿಯನ್ನು ಕೊಲ್ಲುತ್ತವೆ, ನರಿ ಹಕ್ಕಿಯನ್ನು ಹರಿದು ತಿನ್ನುತ್ತದೆ. ಸ್ವತಃ ಬೇಟೆಗಾರನಾಗಿದ್ದ ಸಾಲ್ಟನ್‌ಗೆ ಕಾಡಿನ ಒಳಗಿನ ಹಸಿವೂ ಗೊತ್ತಿತ್ತು. ಚಿತ್ರ ನಿರ್ಮಾಪಕರು ಯುರೋಪಿನ ರೋ ಜಿಂಕೆಯನ್ನು ಅಮೆರಿಕದ ಬಿಳಿಬಾಲದ ಜಿಂಕೆಯನ್ನಾಗಿ ಬದಲಿಸಿದರು. ಜೊತೆಗೆ ಆಹಾರ ಸರಪಳಿಯನ್ನೂ ಅಳಿಸಿಹಾಕಿದರು.

ಮಕ್ಕಳ ಚಿತ್ರದಲ್ಲಿ ಅಷ್ಟು ಸ್ವಾತಂತ್ರ್ಯ ಇರಬಾರದೇ ಎಂದು ಕೇಳಬಹುದು. ಇರಲಿ. ಆದರೆ ತೋಳವಿಲ್ಲದ ಕಾಡು ಕೇವಲ ಕಲ್ಪನೆಯಾಗಿ ಉಳಿಯಲಿಲ್ಲ ಎಂಬುದೇ ಇಲ್ಲಿನ ಸಂಗತಿ. ಅಮೆರಿಕದ ಬಹುಭಾಗದಲ್ಲಿ ತೋಳಗಳನ್ನು ಆಗಲೇ ನಿರ್ಮೂಲ ಮಾಡಲಾಗಿತ್ತು. ಚಿತ್ರ ಬಿಡುಗಡೆಯಾದ ಮರುವರ್ಷವೇ, 1943ರಲ್ಲಿ, ವಿಸ್ಕಾನ್ಸಿನ್ ರಾಜ್ಯದಲ್ಲಿ ಜಿಂಕೆಗಳು ಮಿತಿಮೀರಿ, ಚಳಿಗಾಲದಲ್ಲಿ ಮೇವಿಲ್ಲದೆ ಸಾಯುತ್ತಿದ್ದವು. ಹೆಣ್ಣು ಜಿಂಕೆಗಳ ಸಂಖ್ಯೆಯನ್ನೂ ತಗ್ಗಿಸಬೇಕೆಂದು ವಾದಿಸಿದ ವಿಜ್ಞಾನಿ ಆಲ್ಡೊ ಲಿಯೊಪೋಲ್ಡ್ ಜನರ ತೀವ್ರ ಕೋಪಕ್ಕೆ ಗುರಿಯಾದರು. ಆ ಕೋಪಕ್ಕೆ ಚಿತ್ರವೇ ಕಾರಣವೆನ್ನುವುದು ಸರಿಯಲ್ಲ. ಆದರೆ ಒಂದು ಜಿಂಕೆಯನ್ನು ಪ್ರೀತಿಸುವುದಕ್ಕೂ ಜಿಂಕೆಗಳಿರುವ ಕಾಡನ್ನು ಅರಿಯುವುದಕ್ಕೂ ಎಷ್ಟು ಅಂತರವಿದೆ ಎಂಬುದು ಅಂದು ಬಯಲಾಯಿತು.

1900ರ ಸುಮಾರಿಗೆ ಬೇಟೆಯಿಂದ ಕೆಲವೇ ಲಕ್ಷಕ್ಕೆ ಇಳಿದಿದ್ದ ಬಿಳಿಬಾಲದ ಜಿಂಕೆಗಳು ಇಂದು ಅಂದಾಜು 3 ಕೋಟಿ. ಅಳಿವಿನಂಚಿನಿಂದ ಅವು ಮರಳಿದ್ದು ಸಂರಕ್ಷಣೆಯ ಗೆಲುವೇ ಸರಿ. ಆದರೆ ಪೂರ್ವ ಅಮೆರಿಕದ ಅನೇಕ ಕಾಡುಗಳಲ್ಲಿ ಅವು ಓಕ್, ಹೆಮ್ಲಾಕ್ ಮರಗಳ ಸಸಿಗಳನ್ನು ಎತ್ತರಕ್ಕೆ ಬೆಳೆಯಲು ಬಿಡುತ್ತಿಲ್ಲ. ಮೇಲೆ ಹಳೆಯ ಮರಗಳ ಹಸಿರು ಕಾಣುತ್ತದೆ. ಕೆಳಗೆ ನಾಳೆಯ ಮರಗಳಿಲ್ಲ. ರೈತರ ಬೆಳೆಯೂ ಉಳಿಯುತ್ತಿಲ್ಲ.

ಚಿತ್ರದ ಎರಡನೆಯ ಪಾಠ ಬೆಂಕಿಯದು. ಬೇಟೆಗಾರರ ಬಿಡಾರದ ಬೆಂಕಿಯಿಂದ ಕಾಡು ಉರಿಯುವ ಆ ದೃಶ್ಯ ಎಷ್ಟು ಪರಿಣಾಮಕಾರಿಯಾಗಿತ್ತೆಂದರೆ, 1944ರಲ್ಲಿ ಅಮೆರಿಕದ ಕಾಡ್ಗಿಚ್ಚು ತಡೆ ಪ್ರಚಾರಕ್ಕೆ ಬ್ಯಾಂಬಿಯ ಚಿತ್ರವನ್ನೇ ಎರವಲು ಪಡೆಯಲಾಯಿತು. ಅವಧಿ ಮುಗಿದ ಮೇಲೆ ಅದರ ಸ್ಥಾನಕ್ಕೆ ಬಂದದ್ದೇ ಸ್ಮೋಕಿ ಎಂಬ ಕರಡಿ. ಕಾಣಿಸಿದ ಪ್ರತಿ ಬೆಂಕಿಯನ್ನೂ ಮರುದಿನ ಬೆಳಗಿನ ಹತ್ತು ಗಂಟೆಯೊಳಗೆ ಆರಿಸಬೇಕೆಂಬ ನಿಯಮವನ್ನು ಅಲ್ಲಿನ ಅರಣ್ಯ ಸೇವೆ 1935ರಲ್ಲೇ ತಂದಿತ್ತು. ಮೂಲನಿವಾಸಿಗಳು ತಲೆಮಾರುಗಳಿಂದ ಹಾಕುತ್ತಿದ್ದ ಸಣ್ಣ ಬೆಂಕಿಗಳೂ ನಿಂತವು. ಪಶ್ಚಿಮದ ಒಣ ಕಾಡುಗಳಲ್ಲಿ ತರಗು, ಒಣಕಟ್ಟಿಗೆ ವರ್ಷವರ್ಷವೂ ಸೇರಿಕೊಂಡು, ಬಿದ್ದ ಬೆಂಕಿ ದೊಡ್ಡ ಮರಗಳ ನೆತ್ತಿಯವರೆಗೂ ಏರುವಂತಾಯಿತು. ಆ ನಿಯಮವನ್ನು 1970ರ ದಶಕದಲ್ಲಿ ಕೈಬಿಡಲಾಯಿತು.

ನಮ್ಮ ನಾಡಿನಲ್ಲಿ ಬೆಂಕಿಯ ನಿಷೇಧ ಬಂದದ್ದು ಈ ಚಿತ್ರದಿಂದಲ್ಲ, ವಸಾಹತು ಕಾಲದ ಅರಣ್ಯಶಾಸ್ತ್ರದಿಂದ. ಆದರೂ ಹೋಲಿಕೆ ಗಮನಾರ್ಹ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಆರಂಭದಲ್ಲೇ ನೆಲಮಟ್ಟದಲ್ಲಿ ಹಾಯುವ 'ತರಗು ಬೆಂಕಿ' ಹಾಕುತ್ತಿದ್ದರು. 1974ರಲ್ಲಿ ಅಭಯಾರಣ್ಯ ಘೋಷಣೆಯಾದ ನಂತರ ಆ ಪದ್ಧತಿ ನಿಂತಿತು. ಬೆಂಕಿ ನಿಂತ ಮೇಲೆಯೇ ಲಂಟಾನ ಹಬ್ಬಿತು, ನೆಲ್ಲಿ ಮರಗಳಿಗೆ ಬಂದಳಿಕೆ ಹೆಚ್ಚಿತು ಎಂಬುದು ಸೋಲಿಗರ ಅನುಭವ. ಸಂಶೋಧಕರೂ ಈ ಮಾತನ್ನು ಗಂಭೀರವಾಗಿ ಪರಿಗಣಿಸಿದ್ದಾರೆ. ಇದರರ್ಥ ಎಲ್ಲ ಬೆಂಕಿಯೂ ಒಳ್ಳೆಯದೆಂದಲ್ಲ. ಕಡುಬೇಸಿಗೆಯಲ್ಲಿ ಹೊತ್ತಿದ ಬೆಂಕಿ ಬೇರೆ, ಮಂಜು ಆರುವ ಮುನ್ನ ತರಗನ್ನಷ್ಟೇ ಸುಡುವ ಬೆಂಕಿ ಬೇರೆ. ಒಣ ಎಲೆಯುದುರು ಕಾಡಿಗೆ ಒಗ್ಗಿದ್ದು ಶೋಲಾ ಕಾಡಿಗೆ ಮಾರಕವಾದೀತು. ಈ ವಿವೇಚನೆಯನ್ನು 'ಬೆಂಕಿಯೇ ಶತ್ರು' ಎಂಬ ಒಂದೇ ಚಿತ್ರ ಕಲಿಸಲಾರದು.

ಹಾಗೆಂದು 'ಬ್ಯಾಂಬಿ'ಯನ್ನು ಮಕ್ಕಳಿಂದ ದೂರವಿಡಬೇಕೇ? ಖಂಡಿತ ಬೇಡ. ಚೀನಾದಲ್ಲಿ ಹುಟ್ಟಿದ ಕಲಾವಿದ ಟೈರಸ್ ವಾಂಗ್ ಕಲ್ಪಿಸಿದ ಆ ಮಂಜುಮುಸುಕಿದ ಮರಗಳು ಇಂದಿಗೂ ಮನಸ್ಸನ್ನು ಸೆಳೆಯುತ್ತವೆ. ಪ್ರಾಣಿಯ ನೋವು ತನ್ನದೆನ್ನಿಸದ ಮಗುವಿಗೆ ಪರಿಸರಶಾಸ್ತ್ರವನ್ನು ಎಷ್ಟು ಬೋಧಿಸಿದರೂ ಪ್ರಯೋಜನವಿಲ್ಲ. ಕರುಣೆ ಮೊದಲು ಬರಲಿ. ಆದರೆ ಬೆಟ್ಟದ ಊರುಗಳ ಮಕ್ಕಳಿಗೆ ಕಾಡು ತೆರೆಯ ಮೇಲಿನ ಚಿತ್ರ ಮಾತ್ರವಲ್ಲ. ಮನೆಯ ಹಿತ್ತಲಿನಾಚೆಗೆ ಇರುವ ನೆರೆ. ಗದ್ದೆಯ ಪೈರನ್ನು ಜಿಂಕೆ ಮೇಯುವುದನ್ನೂ, ಜಿಂಕೆಯನ್ನು ಸೀಳುನಾಯಿ ಹಿಡಿಯುವುದನ್ನೂ ಅವರು ಕಂಡಿರುತ್ತಾರೆ. ಚಿತ್ರ ಮುಗಿದ ಮೇಲೆ ಶಿಕ್ಷಕರು ಅವರನ್ನೇ ಕೇಳಲಿ: ಈ ಕಾಡಿನಲ್ಲಿ ಯಾರಿಲ್ಲ? ಅವರಿಲ್ಲದಿದ್ದರೆ ಏನಾಗುತ್ತದೆ? ಕೊನೆಯ ದೃಶ್ಯದಲ್ಲಿ ಸುಟ್ಟ ಕಾಡು ಮತ್ತೆ ಚಿಗುರಿರುತ್ತದೆ. ಆ ಚಿಗುರು ಎಲ್ಲಿಂದ ಬಂತು? ಉತ್ತರಗಳು ಪಠ್ಯಪುಸ್ತಕಕ್ಕಿಂತ ಮೊದಲು ಆ ಮಕ್ಕಳ ಅಜ್ಜ ಅಜ್ಜಿಯರ ಬಳಿ ದೊರೆತಾವು. ಅವರನ್ನೂ ಶಾಲೆಗೆ ಕರೆಯುವುದು ಒಳ್ಳೆಯದು.