ವಾರಂಟಿಗೂ ಜಾತಿ ಐತಿ



ವಾರಂಟು ಅಂದ್ರ ಕೋರ್ಟಿನ ಒಂದು ಹಾಳೆ. ನಮ್ಮ ಕೇರಿಗೆ ಬರಬೇಕಾದರೆ ಆ ಹಾಳೆ ಓಡಿ ಬರುತ್ತದೆ. ನಸುಕಿನ ನಾಲ್ಕು ಗಂಟೆಗೆ ಬಾಗಿಲು ಬಡಿದು, ಹಾಸಿಗೆಯಲ್ಲಿದ್ದವನನ್ನು ಅಂಗಿ ಹಾಕಿಕೊಳ್ಳಲಿಕ್ಕೂ ಬಿಡದೆ ಎಳಕೊಂಡು ಹೋಗುತ್ತದೆ. ಅದೇ ಹಾಳೆ ವಾಡೆಯ ಕಡೆ ಹೋಗಬೇಕಾದರೆ ಕುಂಟುತ್ತದೆ. 'ಆರೋಪಿ ಮನೆಯಲ್ಲಿ ಸಿಗಲಿಲ್ಲ' ಎಂದು ಷರಾ ಬರೆಸಿಕೊಂಡು ಕೋರ್ಟಿಗೆ ಮರಳುತ್ತದೆ. ಆ ಸಿಗದ ಆರೋಪಿ ಅದೇ ದಿನ ಸಂಜೆ ಸೊಸೈಟಿ ಕಟ್ಟೆಯ ಮೇಲೆ ಕುಂತಿರುತ್ತಾನೆ. ಜಾತ್ರಿ ಕಮಿಟಿಯ ಹ್ಯಾಂಡಬಿಲ್ಲಿನಲ್ಲಿ ಅವನ ಹೆಸರೇ ಮೊದಲು.

ಇದು ಊರಿಗೆಲ್ಲ ಗೊತ್ತು. ಆದರೆ ಊರಿಗೆ ಗೊತ್ತಿದ್ದದ್ದು ಸಾಕ್ಷಿ ಅಲ್ಲ. ಸಾಕ್ಷಿ ಬೇರೆ ಕಡೆ ಇದೆ, ಅದೂ ಸರಕಾರದ ಕಪಾಟಿನಲ್ಲಿ. ಯಾವ ತಾರೀಖಿಗೆ ವಾರಂಟು ಹೊರಟಿತು, ಯಾವ ತಾರೀಖಿಗೆ ಏನು ಷರಾ ಹೊತ್ತು ಮರಳಿತು ಎಂಬುದು ಕೋರ್ಟಿನ ಆರ್ಡರ್ ಶೀಟಿನಲ್ಲಿರುತ್ತದೆ. ಯಾರನ್ನು ಯಾವಾಗ ಹಿಡಿದರು ಎಂಬುದು ಠಾಣೆಯ ಕಾಗದದಲ್ಲಿರುತ್ತದೆ. ಬರೆದವರು ಅವರೇ, ಸಹಿಯೂ ಅವರದೇ. ಓದುವವರು ಮಾತ್ರ ಇಲ್ಲ. ಅಲಖನೂರಿನ ಕೇರಿಯಿಂದ ಹಿಡಿದು ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡದ ಹಾಸ್ಟೆಲ್ಲುಗಳವರೆಗೆ ಓದು ಕಲಿತ ನಮ್ಮ ಹುಡುಗರು, ಹುಡುಗಿಯರು ಎಷ್ಟು ಮಂದಿ ಇದ್ದೀರಿ! ಈ ಲೇಖನ ನಿಮಗಾಗಿ.

ದಾಖಲೆ ಅಂದರೆ ನಮ್ಮ ಹಿರಿಯರು ಹೆದರುತ್ತಾರೆ. ಹೆದರುವುದಕ್ಕೆ ಕಾರಣ ಉಂಟು. ಪೊಲೀಸ್ ಪುಸ್ತಕದಲ್ಲಿ ಕೆಲವು ಜನರ ಹೆಸರು ತಪ್ಪು ಮಾಡಿದ ಮೇಲೆ ಬರಲಿಲ್ಲ, ಹುಟ್ಟಿದ ಕೂಡಲೇ ಬಂತು. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು ಇಡೀ ಇಡೀ ಜಾತಿಗಳನ್ನೇ ಕಳ್ಳರೆಂದು ಪಟ್ಟಿಗೆ ಸೇರಿಸಿದರು. ನಮ್ಮ ಬೆಳಗಾವಿ ಜಿಲ್ಲೆ ಸೇರಿದ್ದ ಮುಂಬೈ ಪ್ರಾಂತದಲ್ಲಿ ಹುಬ್ಬಳ್ಳಿ, ಗದಗದಂಥ ಊರುಗಳಲ್ಲಿ ಸೆಟ್ಲಮೆಂಟು ಕಟ್ಟಿ, ಆ ಜನರನ್ನು ಕೂಡಿಹಾಕಿ ಹಾಜರಿ ತಗೊಂಡರು. ಕಾಯ್ದೆ 1952ರಲ್ಲಿ ರದ್ದಾಯಿತು. ಹುಬ್ಬಳ್ಳಿಯ ಓಣಿಗೆ ಸೆಟ್ಲಮೆಂಟ್ ಎಂಬ ಹೆಸರು ಮಾತ್ರ ಉಳಿಯಿತು. ಫೌಜದಾರನ ಕಣ್ಣೂ ಹಾಗೇ ಉಳಿಯಿತು.

ಇದು ಹಳೇ ಪುರಾಣ ಅನ್ನಬೇಡಿ. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ರೌಡಿ ಪಟ್ಟಿ, ಹಿಸ್ಟರಿ ಶೀಟುಗಳ ಬಗ್ಗೆ ಮಾತಾಡಬೇಕಾಯಿತು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದವರ ಹೆಸರನ್ನು ಬರೀ ಹುಟ್ಟಿನ ಪೂರ್ವಗ್ರಹದಿಂದ ಆ ಶೀಟಿಗೆ ಏರಿಸುವಂತಿಲ್ಲ, ಎಲ್ಲ ರಾಜ್ಯಗಳೂ ತಮ್ಮ ನಿಯಮ ನೋಡಿಕೊಳ್ಳಲಿ ಎಂದಿತು. ಅದೇ ವರ್ಷ ಅಕ್ಟೋಬರ್ 3ರಂದು ಇನ್ನೊಂದು ತೀರ್ಪಿನಲ್ಲಿ ಜೈಲಿನ ರಿಜಿಸ್ಟರಿನಿಂದ ಜಾತಿಯ ಕಾಲಮ್ಮು ತೆಗೆಯಿರಿ ಎಂದಿತು. ಸ್ವಾತಂತ್ರ್ಯ ಬಂದು 77 ವರ್ಷ ಆದ ಮೇಲೆ! ಅಲ್ಲಿಯವರೆಗೆ ಆ ಕಾಲಮ್ಮನ್ನು ಯಾರೂ ಓದಿರಲಿಲ್ಲವೇ? ಓದಿದ್ದರು. ಅದರಿಂದ ಅನುಕೂಲ ಇದ್ದವರು ಓದಿದ್ದರು. ಅನ್ಯಾಯ ಉಂಡವರ ಕೈಗೆ ಅದು ಸಿಕ್ಕಿರಲಿಲ್ಲ.

ಠಾಣೆಯ ಬಾಗಿಲಲ್ಲಿ

ಈಗ ಕಾಯ್ದೆ ಏನು ಹೇಳುತ್ತದೆ ನೋಡೋಣ. 2024ರ ಜುಲೈ 1ರಿಂದ ಹಳೇ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 37ನೇ ಕಲಮಿನ ಪ್ರಕಾರ ಪ್ರತಿ ಜಿಲ್ಲೆಯಲ್ಲಿ, ಪ್ರತಿ ಠಾಣೆಯಲ್ಲಿ ಎಎಸ್‌ಐ ದರ್ಜೆಗಿಂತ ಕಡಿಮೆ ಇಲ್ಲದ ಒಬ್ಬ ಅಧಿಕಾರಿ ಹಿಡಿದವರ ಹೆಸರು, ವಿಳಾಸ, ಆರೋಪ ಏನು ಎಂಬುದರ ಲೆಕ್ಕ ಇಡಬೇಕು. ಅದನ್ನು ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎಲ್ಲರಿಗೂ ಕಾಣುವಂತೆ ಹಾಕಬೇಕು. ನಿಮ್ಮ ಠಾಣೆಯ ಗೋಡೆಗೆ ಆ ಬೋರ್ಡು ಐತೇನು? ಹೋಗಿ ನೋಡ್ರಿ. ಇದ್ದರೆ ಕೊನೆಯ ತಾರೀಖು ಯಾವುದು ಓದ್ರಿ. ಇಲ್ಲದಿದ್ದರೆ 'ಯಾಕಿಲ್ಲ?' ಎಂದು ಬರೆದು ಕೇಳ್ರಿ. ಬಾಯಲ್ಲಿ ಕೇಳಿದರೆ ಗದರಿಸುತ್ತಾರೆ. ಬರೆದು ಕೊಟ್ಟು ಸ್ವೀಕೃತಿ ತಗೊಂಡರೆ ಉತ್ತರ ಕೊಡಬೇಕಾಗುತ್ತದೆ.

ಹಿಡಿಯುವಾಗ ಹೆಸರಿನ ಬಿಲ್ಲೆ ಹಾಕಿರಬೇಕು, ಬಂಧನದ ಮೆಮೊ ಬರೆಯಬೇಕು, ಮನೆಯವರೋ ಊರ ಹಿರಿಯರೋ ಒಬ್ಬರು ಸಾಕ್ಷಿ ಸಹಿ ಹಾಕಬೇಕು, ಹಿಡಿದವನೂ ಸಹಿ ಮಾಡಬೇಕು. ಇದನ್ನು 1996ರ ಡಿಸೆಂಬರಿನಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು, ಈಗ 36ನೇ ಕಲಮಿನಲ್ಲಿದೆ. ಮನೆಯವರಿಗೆ ತಿಳಿಸಬೇಕೆಂದು 48ನೇ ಕಲಮು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಬಾಬಾಸಾಹೇಬರ ಸಂವಿಧಾನದ 22ನೇ ವಿಧಿ.

ಇಲ್ಲೇ ಮೋಸ ನಡೆಯುತ್ತದೆ. ಸೋಮವಾರ ಎಳಕೊಂಡು ಹೋಗಿ, ಮೆಮೊದಲ್ಲಿ ಗುರುವಾರದ ತಾರೀಖು ಬರೆದರೆ ಕಾಗದದ ಮೇಲೆ 24 ಗಂಟೆ ಸರಿಯಾಗಿಯೇ ಕಾಣುತ್ತದೆ. ಸೋಮವಾರದ ಲೆಕ್ಕ ಇಟ್ಟವರು ಯಾರು? ನಾವೇ ಇಡಬೇಕು. ಹಿಡಿದ ಗಳಿಗೆ, ಗಾಡಿಯ ನಂಬರು, ಬಂದವರ ಬಿಲ್ಲೆಯ ಹೆಸರು, ನೋಡಿದವರು ಯಾರು, ಇಷ್ಟನ್ನು ಅವತ್ತೇ ಬರೆದಿಟ್ಟು, ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೂ ಕೋರ್ಟಿಗೂ ಅವತ್ತೇ ಅರ್ಜಿ ಕಳಿಸಬೇಕು. ಆಗ ಗುರುವಾರದ ಮೆಮೊ ಸುಳ್ಳು ಎಂದು ತೋರಿಸಲಿಕ್ಕೆ ನಮ್ಮ ಕೈಯಲ್ಲೂ ಒಂದು ಕಾಗದ ಇರುತ್ತದೆ.

ಗಡಿ ಸೀಮೆಯವರಿಗೆ ಇನ್ನೊಂದು ಮಾತು. ನಮ್ಮವರು ಇಚಲಕರಂಜಿಗೆ ದುಡಿಯಲಿಕ್ಕೆ, ಸಾಂಗಲಿ ಕಡೆ ಕಬ್ಬು ಕಡಿಯಲಿಕ್ಕೆ ಹೋಗುತ್ತಾರೆ. ಅಲ್ಲಿ ಕಾಗದ ಮರಾಠಿಯಲ್ಲಿ. ಹೆಬ್ಬೆಟ್ಟು ಒತ್ತು ಅಂದರೆ ಒತ್ತುವುದೇನು? 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಹೇಳಿದೆ: ಯಾವುದೇ ಅಪರಾಧಕ್ಕೆ ಹಿಡಿದರೂ ಬಂಧನದ ಕಾರಣವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು. ಅಲ್ಲೇ ಕೊಡಲಾಗದಿದ್ದರೆ, ರಿಮಾಂಡಿಗೆ ನಿಲ್ಲಿಸುವುದಕ್ಕೆ ಕಡಿಮೆ ಅಂದರೂ ಎರಡು ತಾಸು ಮೊದಲು ಕೊಡಬೇಕು. ಬೇರೆ ಜಿಲ್ಲೆಯ ವಾರಂಟಿನ ಮೇಲೆ ಇಲ್ಲಿ ಬಂದು ಹಿಡಿದರೆ, ವಾರಂಟು ಹೊರಡಿಸಿದ ಕೋರ್ಟು 30 ಕಿಲೋಮೀಟರಿನೊಳಗೆ ಇಲ್ಲದಿದ್ದರೆ, ಸಾಮಾನ್ಯವಾಗಿ ಮೊದಲು ಇಲ್ಲಿಯ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು. ರಾತ್ರೋರಾತ್ರಿ ಜೀಪಿನಲ್ಲಿ ಹಾಕಿಕೊಂಡು ಗಡಿ ದಾಟಿಸುವುದು ಕಾಯ್ದೆ ಅಲ್ಲ.

ಹಾಳೆ ಓದುವುದು ಹೇಗೆ?

ಖಾಕಿ ಅಂಗಿಯವನ ಕಿಸೆಯಿಂದ ಬಂದ ಹಾಳೆಯೆಲ್ಲ ವಾರಂಟಲ್ಲ. ವಾರಂಟು ಬರವಣಿಗೆಯಲ್ಲಿರಬೇಕು. ಅದರ ಮೇಲೆ ನ್ಯಾಯಾಧೀಶರ ಸಹಿ, ಕೋರ್ಟಿನ ಸಿಕ್ಕ ಇರಬೇಕು. ಹಿಡಿಯಬೇಕಾದವನ ಹೆಸರು, ಅಪರಾಧ, ಕೇಸಿನ ನಂಬರು ಇರುತ್ತದೆ. 'ತೋರಿಸ್ರಿ' ಅಂದರೆ ತೋರಿಸಬೇಕು, 77ನೇ ಕಲಮು. ವಾರಂಟಿಲ್ಲದೆ ಹಿಡಿಯುವ ಅಧಿಕಾರವೂ ಕೆಲವು ಅಪರಾಧಗಳಿಗೆ ಪೊಲೀಸರಿಗಿದೆ. ಆಗ ವಾರಂಟು ಕೇಳಿ ಜಗಳ ತೆಗೆದು ಪ್ರಯೋಜನವಿಲ್ಲ, ಮೆಮೊ ಕೇಳಬೇಕು, ಕಾರಣ ಕೇಳಬೇಕು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧವಾದರೆ ಬಹಳ ಸಲ ಹಿಡಿಯುವ ಅಗತ್ಯವೇ ಇರುವುದಿಲ್ಲ, 35ನೇ ಕಲಮಿನ ನೋಟಿಸು ಸಾಕು.

ಸಮನ್ಸ್ ಅಂದರೆ 'ಈ ತಾರೀಖಿಗೆ ಬಾ' ಎಂಬ ಕರೆ. ಜಾಮೀನಿನ ವಾರಂಟು ಬಂದರೆ ಹಿಡಿದ ಪೊಲೀಸನೇ ಬಾಂಡು, ಜಾಮೀನು ಬರೆಸಿಕೊಂಡು ಬಿಡಬೇಕು. ಜಾಮೀನಿಲ್ಲದ ವಾರಂಟು ಬಂದರೆ ಕೋರ್ಟಿಗೇ ಕರೆತರಬೇಕು. ಜಾಮೀನಿಲ್ಲದ್ದು ಅಂದರೆ ಜಾಮೀನೇ ಸಿಗದು ಎಂದಲ್ಲ, ಕೊಡುವ ಅಧಿಕಾರ ಕೋರ್ಟಿಗಿದೆ ಎಂದರ್ಥ. ಮೊದಲು ಸಮನ್ಸು, ಆಮೇಲೆ ಜಾಮೀನಿನ ವಾರಂಟು, ಅದಕ್ಕೂ ಬಗ್ಗದಿದ್ದರೆ ಮಾತ್ರ ಕಡೆಯದು, ಸಾಮಾನ್ಯವಾಗಿ ಇದೇ ಕ್ರಮ ಎಂದು 2007ರಲ್ಲೇ ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಒಂದು ಮಾತು ಮರೆಯಬೇಡಿ: ಹೊರಟ ವಾರಂಟು ತಾನಾಗಿ ಸಾಯುವುದಿಲ್ಲ. ಜಾರಿಯಾಗಬೇಕು, ಇಲ್ಲವೇ ಕೋರ್ಟು ರದ್ದು ಮಾಡಬೇಕು. ಹತ್ತು ವರ್ಷ ಬಿಟ್ಟರೂ ಅದು ಜೀವಂತ.

ಇದು ಹಾಸ್ಟೆಲ್ ಹುಡುಗರಿಗೆ ಯಾಕೆ ಬೇಕು? ಕೇಳ್ರಿ. ಕೇರಿಯ ಮೇಲೆ ಹಲ್ಲೆಯಾಗುತ್ತದೆ, ನಮ್ಮವರು ದೌರ್ಜನ್ಯ ತಡೆ ಕಾಯ್ದೆಯಲ್ಲಿ ದೂರು ಕೊಡುತ್ತಾರೆ. ಮರುದಿನವೇ ಆ ಕಡೆಯಿಂದ ಪ್ರತಿದೂರು. ಅದರಲ್ಲಿ ಯಾರ ಹೆಸರು? ಕೇರಿಯಲ್ಲಿ ಓದುತ್ತಿರುವ ಹುಡುಗರ ಹೆಸರು! ಅವತ್ತು ಅವನು ಹಾಸ್ಟೆಲಿನಲ್ಲಿದ್ದರೂ 14ನೇ ಆರೋಪಿ, 17ನೇ ಆರೋಪಿ. ಕಲಮುಗಳ ಸರಮಾಲೆ ಎಲ್ಲ ಕಡೆ ಒಂದೇ: 143, 147, 148, 323, 324, 504, 506, ಸಹಿತ 149. 2024ರ ಜುಲೈ ನಂತರದ ಘಟನೆಯಾದರೆ ನಂಬರು ಬದಲು, 189, 191, 115, 118, 352, 351, ಸಹಿತ 190. ಸರಮಾಲೆ ಅದೇ. ಸಮನ್ಸು ಹಳೇ ವಿಳಾಸಕ್ಕೆ ಹೋಗುತ್ತದೆ, 'ಊರಲ್ಲಿಲ್ಲ' ಎಂದು ಮರಳುತ್ತದೆ. ವಾರಂಟು ಹೊರಡುತ್ತದೆ. ಹುಡುಗನಿಗೆ ಏನೂ ಗೊತ್ತಿಲ್ಲ. ನಾಲ್ಕು ವರ್ಷದ ಮೇಲೆ ಕಾನ್‌ಸ್ಟೇಬಲ್ ಪರೀಕ್ಷೆ ಪಾಸಾಗುತ್ತಾನೆ. ಪೊಲೀಸ್ ವೆರಿಫಿಕೇಶನ್ ದಿನ ತಿಳಿಯುತ್ತದೆ, ತಾನು ತಲೆಮರೆಸಿಕೊಂಡ ಆರೋಪಿ ಎಂದು! ಮೀಸಲಾತಿಯನ್ನು ಎದುರಿಗೆ ನಿಂತು ಬೈಯುವವರಿಗಿಂತ ಹೀಗೆ ಹಿಂದಿನಿಂದ ಹೊಡೆಯುವವರು ಅಪಾಯ.

ಅದಕ್ಕೇ ಮೊದಲೇ ಹುಡುಕ್ರಿ. ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ ಪೊಲೀಸರ ಅಂತರ್ಜಾಲ ಪುಟಕ್ಕೆ ಏರಿಸಬೇಕೆಂದು ಸುಪ್ರೀಂ ಕೋರ್ಟು 2016ರಲ್ಲಿ ಆದೇಶಿಸಿದೆ, ಅತ್ಯಾಚಾರದಂಥ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು. ಇ-ಕೋರ್ಟಿನ ಪುಟದಲ್ಲಿ ತಾಲೂಕಿನ ಕೋರ್ಟು ಆರಿಸಿ ಹೆಸರಿನಿಂದ, ಎಫ್‌ಐಆರ್ ನಂಬರಿನಿಂದ ಕೇಸು ನೋಡಬಹುದು. ಪ್ರತಿ ಕೇಸಿಗೆ 16 ಅಕ್ಷರ-ಅಂಕೆಗಳ ಸಿಎನ್‌ಆರ್ ನಂಬರಿದೆ. ಅದನ್ನು ಬರೆದಿಟ್ಟುಕೊಂಡರೆ ಮುಂದಿನ ಪೇಶಿ ಯಾವಾಗ, ಯಾವ ಹಂತ ಎಲ್ಲ ಸಿಗುತ್ತದೆ. ಹೆಸರಿನ ಅಕ್ಷರ ತಪ್ಪಿದ್ದರೆ ಸಿಗುವುದಿಲ್ಲ, ನಾಲ್ಕು ತರಹ ಬರೆದು ನೋಡ್ರಿ. ಮೊಬೈಲಿನಲ್ಲಿ ಕಂಡದ್ದೇ ಕೊನೆ ಅಲ್ಲ, ಕೋರ್ಟಿನಲ್ಲಿ ನಕಲು ಅರ್ಜಿ ಹಾಕಿ ದೃಢೀಕೃತ ಪ್ರತಿ ತೆಗೆಸ್ರಿ. ವಾರಂಟು ಇದೆ ಎಂದು ತಿಳಿದರೆ ಓಡಬೇಡಿ. ಓಡಿದರೆ 84ನೇ ಕಲಮಿನ ಘೋಷಣೆ, ಆಮೇಲೆ ಆಸ್ತಿ ಜಪ್ತಿ. ವಕೀಲರೊಂದಿಗೆ ತಾವೇ ಹಾಜರಾಗಿ ವಾರಂಟು ರದ್ದತಿಗೆ ಅರ್ಜಿ ಹಾಕಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ವರಮಾನ ನೋಡದೆ ವಕೀಲರನ್ನು ಪುಕ್ಕಟೆ ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಕಲಮು ಹೇಳುತ್ತದೆ. ತಾಲೂಕು ಕೋರ್ಟಿನಲ್ಲೇ ಸಮಿತಿ ಇದೆ, ಫೋನು 15100. ನೌಕರಿ ಅರ್ಜಿಯಲ್ಲಿ ಕೇಸಿನ ವಿಷಯ ಕೇಳಿದರೆ ಗೊತ್ತಿದ್ದೂ ಮುಚ್ಚಿಡಬೇಡಿ. ಮುಚ್ಚಿಟ್ಟದ್ದೇ ಕೆಲಸ ಕಳೆಯುತ್ತದೆ.

ವಾಡೆಯ ಕಡೆಯ ಹಾಳೆ

ಇನ್ನು ವಾಡೆಯ ಕಡೆ ಕುಂಟುವ ವಾರಂಟಿನ ಲೆಕ್ಕ. ದೌರ್ಜನ್ಯ ತಡೆ ಕಾಯ್ದೆಗೆ 2016ರ ಜನವರಿ 26ರಿಂದ ಜಾರಿಗೆ ಬಂದ 15ಎ ಕಲಮಿನ ಪ್ರಕಾರ ನೊಂದವರಿಗೆ ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು, ತನಿಖೆ ಎಲ್ಲಿಗೆ ಬಂತು ಹೇಳಬೇಕು, ಆರೋಪಿಯ ಜಾಮೀನು ಅರ್ಜಿ ಬಂದರೆ ಮೊದಲೇ ನೋಟಿಸು ಕೊಡಬೇಕು, ಕೋರ್ಟಿನಲ್ಲಿ ಅವರ ಮಾತು ಕೇಳಬೇಕು. ಇದನ್ನು ಬಳಸಿ ಪ್ರತಿ ಪೇಶಿಯ ಆರ್ಡರ್ ಶೀಟು ತೆಗೆಸ್ರಿ. ಎಷ್ಟು ಸಲ 'ಸಿಗಲಿಲ್ಲ' ಎಂದು ಬರೆದಿದ್ದಾರೆ ಎಣಿಸ್ರಿ. ಆ ದಿನಗಳಲ್ಲಿ ಆರೋಪಿ ಎಲ್ಲಿ, ಯಾರ ಮುಂದೆ ಇದ್ದ ಎಂಬುದನ್ನು ಪಕ್ಕದಲ್ಲಿ ಬರೆದು ಸರಕಾರಿ ವಕೀಲರ ಮುಂದೆ, ಕೋರ್ಟಿನ ಮುಂದೆ ಇಡ್ರಿ. ಬೇಕೆಂದೇ ಕರ್ತವ್ಯ ಬಿಟ್ಟ ನೌಕರನಿಗೆ ಅದೇ ಕಾಯ್ದೆಯ 4ನೇ ಕಲಮಿನಲ್ಲಿ ಶಿಕ್ಷೆ ಉಂಟು.

ಕಾಗದದ ಬೆನ್ನು ಬಿಟ್ಟರೆ ಏನಾಗುತ್ತದೆ? ಕಂಬಾಲಪಲ್ಲಿ ನೆನೆಯಿರಿ. 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, ಸಾಕ್ಷಿಗಳು ತಿರುಗಿ ನಿಂತಿದ್ದರು. ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಬಡ ಸಾಕ್ಷಿಗಳನ್ನು ಬೈಯುವುದು ಸುಲಭ. ವರ್ಷಗಟ್ಟಲೆ ಅವರ ಬೆನ್ನಿಗೆ ಯಾರಿದ್ದರು? ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರಲ್ಲಿ ಕೇರಿಗೆ ಬೆಂಕಿ ಹಚ್ಚಿದರು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ವಿಧಿಸಿತು. ಅಷ್ಟರಲ್ಲಿ ಆರೋಪಿಗಳಲ್ಲೇ ಕೆಲವರು ಸತ್ತುಹೋಗಿದ್ದರು. ಅದರ ಮೇಲೆ ಮತ್ತೆ ಅಪೀಲು. ಹತ್ತು ವರ್ಷದ ದಾರಿಯಲ್ಲಿ ಹತ್ತು ವರ್ಷವೂ ಬೆನ್ನು ಹತ್ತುವವರು ಬೇಕು.

'ಕ್ರಾಂತಿ ಬೀದಿಯಲ್ಲಾಗಬೇಕು, ಕಾಗದ ಹಿಡಿದು ಕೋರ್ಟು ಸುತ್ತುವುದು ಗುಮಾಸ್ತರ ಕೆಲಸ' ಎನ್ನುವ ಗೆಳೆಯರಿದ್ದಾರೆ. ಮಹಾಡಕ್ಕೆ ಹೋಗೋಣ ಬರ್ರಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚೌಡಾರ ಕೆರೆಯ ನೀರು ಮುಟ್ಟಿದರು. ಅದೇ ಡಿಸೆಂಬರಿನಲ್ಲಿ ಮೇಲ್ಜಾತಿಯವರು ಕೋರ್ಟಿಗೆ ಹೋಗಿ ತಡೆ ತಂದರು. ಬಾಬಾಸಾಹೇಬರು ಡಿಸೆಂಬರ್ 25ರಂದು ಮನುಸ್ಮೃತಿಯನ್ನೂ ಸುಟ್ಟರು, ಆ ದಾವೆಯನ್ನೂ ಬಿಡಲಿಲ್ಲ. ಪ್ರತಿವಾದಿಯಾಗಿ ಹತ್ತು ವರ್ಷ ಕಾಗದ ಹಿಡಿದು ಹೋರಾಡಿ 1937ರ ಮಾರ್ಚ್ 17ರಂದು ಮುಂಬೈ ಹೈಕೋರ್ಟಿನಲ್ಲಿ ಗೆದ್ದರು. ಅದು ಆಗ ನಮ್ಮ ಸೀಮೆಗೂ ಹೈಕೋರ್ಟು. 1925ರಲ್ಲಿ ನಮ್ಮ ನಿಪ್ಪಾಣಿಗೆ ಬಂದು ಸಭೆ ನಡೆಸಿದ ಅದೇ ಬಾಬಾಸಾಹೇಬರು. ಅವರು ಗುಮಾಸ್ತರೇನು? ಬೆಂಕಿಯೂ ಬೇಕು, ಫೈಲೂ ಬೇಕು.

ಇನ್ನು ಕೆಲವರು 'ಸಾಹೇಬರಿಗೆ ಹೇಳಿ ಮುಗಿಸಿಕೊಡ್ತೀನಿ' ಎನ್ನುವ ಪುಢಾರಿಗಳು. ನಾವು ಓದಲಾರದ ಹಾಳೆಯೇ ಇವರ ಬಂಡವಾಳ. ನಾವು ಓದಿದ ದಿನ ಇವರ ಅಂಗಡಿ ಬಂದ್.

ಆದ್ದರಿಂದ ಪ್ರತಿ ಹಾಸ್ಟೆಲಿನಲ್ಲಿ ಒಂದು ಇನ್ನೂರು ಪುಟದ ನೋಟಬುಕ್ಕು ತೆಗೆಯೋಣ. ಊರು, ಠಾಣೆ, ಎಫ್‌ಐಆರ್ ನಂಬರು, ಕಲಮು, ಕೋರ್ಟಿನ ನಂಬರು, ವಾರಂಟು ಹೊರಟ ತಾರೀಖು, ಮರಳಿದ ತಾರೀಖು, ಷರಾ, ಮುಂದಿನ ಪೇಶಿ. ಇಬ್ಬರು ಬರೆಯಲಿ, ಇಬ್ಬರು ತಾಳೆ ನೋಡಲಿ. ಠಾಣೆಯವರು ಮಾಹಿತಿ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿಯ ಅರ್ಜಿ. ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆಯೊಳಗೆ ಉತ್ತರ ಕೊಡಬೇಕು. ಈ ನೋಟಬುಕ್ಕು ಹರಟೆಗಲ್ಲ. ಎಫ್‌ಐಆರಿನಲ್ಲಿ ಹೆಸರು ಬಂದ ಮಾತ್ರಕ್ಕೆ ಯಾರೂ ಅಪರಾಧಿಯಲ್ಲ, ಅದು ನಮ್ಮವರಿಗೂ ಸತ್ಯ, ಅವರಿಗೂ ಸತ್ಯ. ಅತ್ಯಾಚಾರಕ್ಕೊಳಗಾದ ಹೆಣ್ಣುಮಗಳ ಹೆಸರು, ಸಣ್ಣ ಮಕ್ಕಳ ಹೆಸರು ಎಲ್ಲೂ ಬರೆಯಬಾರದು, ಬಾಯಿಬಿಡಬಾರದು.

ಸಾವಿರಾರು ವರ್ಷ ಅವರು ಬರೆದರು, ನಾವು ಹೆಬ್ಬೆಟ್ಟು ಒತ್ತಿದೆವು. ಇನ್ನು ಅವರು ಬರೆದದ್ದನ್ನು ಓದುತ್ತೇವೆ, ತಾರೀಖು ಹಿಡಿದು ಕೇಳುತ್ತೇವೆ. ಕೇರಿಗೆ ಓಡಿ ಬರುವ ವಾರಂಟು ವಾಡೆಗೂ ಅಷ್ಟೇ ಜೋರಿನಲ್ಲಿ ಓಡಲಿ.

ಜೈಭೀಮ್!