ಹಲ್ಲು ಕೀಳಿಸೋ ಮೊದಲು ದವಡೆ ನೋಡಿಸೋಣ

ರಜೆಗೆ ಊರಿಗೆ ಹೊರಟಾಗ ನಮ್ಮಲ್ಲಿ ಅನೇಕರ ಪಟ್ಟಿಯಲ್ಲಿ ಹಲ್ಲಿನ ಡಾಕ್ಟರು ಇದ್ದೇ ಇರ್ತಾರೆ. ಜರ್ಮನಿಗಿಂತ ಬೆಂಗಳೂರು, ಮೈಸೂರಲ್ಲಿ ಖರ್ಚು ಕಡಿಮೆ, ಮಾತೂ ಸಲೀಸು. ಹುಳುಕು ತುಂಬಿಸೋಕೆ ಇದು ಸರಿ. ಆದರೆ ಅಂಡರ್‌ಬೈಟ್ ಇರುವವರು, ಅಂದರೆ ಕೆಳಗಿನ ಹಲ್ಲುಗಳು ಮೇಲಿನವಕ್ಕಿಂತ ಮುಂದೆ ಬಂದಿರುವವರು, ಮೂರು ವಾರದ ರಜೆಯಲ್ಲಿ ಹಲ್ಲು ಕೀಳಿಸಿ ಕ್ಲಿಪ್ ಹಾಕಿಸಿಕೊಂಡು ಬರುವುದು ಬೇಡ ಅನ್ನೋದು ನಮ್ಮ ಅಭಿಪ್ರಾಯ.

ಯಾಕೆ ಅಂದರೆ, ಕೆಲವರಲ್ಲಿ ಹಲ್ಲುಗಳು ಮಾತ್ರ ವಾಲಿರುತ್ತವೆ. ಇನ್ನು ಕೆಲವರಲ್ಲಿ ಮೂಳೆಯದ್ದೇ ತೊಂದರೆ: ಕೆಳದವಡೆ ಮುಂದೆ ಬೆಳೆದಿರುತ್ತೆ, ಇಲ್ಲವೇ ಮೇಲ್ದವಡೆ ಹಿಂದೆ ಉಳಿದಿರುತ್ತೆ. ಹಲ್ಲು ಕೀಳುವ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಕೆಳಗಡೆ ಎರಡೂ ಬದಿ ಕೋರೆಹಲ್ಲಿನ ಹಿಂದಿನ ಒಂದೊಂದು ಹಲ್ಲು ತೆಗೆದು, ಸಿಕ್ಕ ಸುಮಾರು 7 ಮಿಲಿಮೀಟರ್ ಜಾಗಕ್ಕೆ ಮುಂದಿನ ಹಲ್ಲುಗಳನ್ನು ಎಳೆಯುತ್ತಾರೆ. ಹಲ್ಲು ಹೊಂದಿಕೊಳ್ಳುತ್ತೆ, ಮೂಳೆ ಮಾತ್ರ ಇದ್ದಲ್ಲೇ ಇರುತ್ತೆ. ವ್ಯತ್ಯಾಸ ಕಡಿಮೆ ಇದ್ದವರಿಗೆ ಇದು ಒಳ್ಳೆಯ ದಾರಿಯೇ. ಜಾಸ್ತಿ ಇದ್ದವರಿಗೆ ದವಡೆಯ ಆಪರೇಷನ್ ಬೇಕಾಗಬಹುದು. ಅದಕ್ಕೆ ಮುಂಚೆ ಕೆಳಗಿನ ಹಲ್ಲುಗಳನ್ನು ಸಾಮಾನ್ಯವಾಗಿ ಉಲ್ಟಾ, ಮುಂದಕ್ಕೆ ತರಬೇಕು. ಕೀಳಿಸಿಕೊಂಡವರು ಆಮೇಲೆ ಆಪರೇಷನ್ ಕಡೆ ತಿರುಗಿದರೆ ವರ್ಷಗಟ್ಟಲೆ ಮಾಡಿಸಿದ್ದನ್ನೇ ಬಿಚ್ಚಬೇಕು. ಕಿತ್ತ ಹಲ್ಲಂತೂ ವಾಪಸ್ ಬರಲ್ಲ.

ವಿಮೆಯ ಲೆಕ್ಕವೂ ಇದೆ. ಇಲ್ಲಿನ ಸರ್ಕಾರಿ ವ್ಯವಸ್ಥೆಯ ಆರೋಗ್ಯ ವಿಮೆ 18 ದಾಟಿದವರ ಕ್ಲಿಪ್‌ಗೆ ದುಡ್ಡು ಕೊಡಲ್ಲ. ದವಡೆಯ ದೋಷ ತೀವ್ರವಾಗಿದ್ದು ಆಪರೇಷನ್, ಕ್ಲಿಪ್ ಎರಡೂ ಸೇರಿ ಬೇಕು ಅಂತಾದರೆ ಮಾತ್ರ ಕೊಡುತ್ತೆ, ಅದೂ ಮೊದಲೇ ಒಪ್ಪಿಗೆ ಪಡೆದು ಶುರುಮಾಡಿದರೆ. ಇದು ಗೊತ್ತಿಲ್ಲದೆ ಊರಲ್ಲಿ ಅಗ್ಗ ಅಂತ ಕೀಳಿಸಿಕೊಂಡರೆ, ಇಲ್ಲಿ ಸಿಗಬಹುದಾಗಿದ್ದ ದಾರಿ ಕಷ್ಟವಾಗುತ್ತೆ.

ಹಾಗಂತ ಎಲ್ಲರೂ ಆಪರೇಷನ್ ಮಾಡಿಸಿಕೊಳ್ಳಿ ಅಂತ ನಾವು ಹೇಳ್ತಿಲ್ಲ. ಕೆಳತುಟಿ, ಗದ್ದ ಮರಗಟ್ಟುವ ಅಪಾಯ ಅದರಲ್ಲಿದೆ. ಕೆಲವರಿಗೆ ಅದು ಪೂರ್ತಿ ಹೋಗುವುದೂ ಇಲ್ಲ. ಅಗಿಯೋಕೆ, ಮಾತಾಡೋಕೆ ತೊಂದರೆ ಇಲ್ಲದಿದ್ದರೆ ಏನೂ ಮಾಡಿಸದೆ ಇರುವುದೂ ಒಂದು ಆಯ್ಕೆಯೇ. "ಮದುವೆಗೆ ಮುಂಚೆ ಮುಗಿಸ್ಕೊಂಡುಬಿಡು" ಅನ್ನೋ ಅಮ್ಮನ ಫೋನ್ ಮಾತ್ರ ಚಿಕಿತ್ಸೆಗೆ ಕಾರಣ ಆಗಬಾರದು.

ಪಕ್ಕದಿಂದ ತೆಗೆದ ತಲೆಯ ಎಕ್ಸ್-ರೇ ಎದುರಿಗಿಟ್ಟುಕೊಂಡು ಡಾಕ್ಟರನ್ನು ಮೂರು ಪ್ರಶ್ನೆ ಕೇಳೋಣ. ಇದು ಹಲ್ಲಿನ ಸಮಸ್ಯೆಯಾ, ಮೂಳೆಯದಾ? ಕೀಳಿಸಿದರೆ ಮುಂದೆ ಆಪರೇಷನ್‌ಗೆ ಅಡ್ಡಿಯಾಗುತ್ತಾ? ನಾವು ವಾಪಸ್ ಹೋದ ಮೇಲೆ ಒಂದೆರಡು ತಿಂಗಳಿಗೊಮ್ಮೆ ಕ್ಲಿಪ್ ಬಿಗಿ ಮಾಡೋರು ಯಾರು? ಮೂರಕ್ಕೂ ಉತ್ತರ ಸಿಕ್ಕ ಮೇಲೆ ಬಾಯಿ ತೆರೆದರೆ ಸಾಕು.